ರತ್ನಿಗೆ ಎರೆದ ಎಲಚಿಹಣ್ಣು

ಎಲಚಿಹಣ್ಣನ್ನು ಯಾರಿಗೂ ಗೊತ್ತಾಗದಂತೆ ಮನೆಗೆ ತರುವುದು ಸಾಧ್ಯವಿಲ್ಲ. ಹಲಸಿನ ಹಣ್ಣಾದರೆ ಗಾತ್ರದಲ್ಲೂ ದೊಡ್ಡದು, ಅದರ ವಾಸನೆಯ ದರ್ಪಕ್ಕೆ ಒಂದು ಅರ್ಥವಾದರೂ ಇದೆ. ಈ ಎಲಚಿ ಹೆಬ್ಬೆರಳಿನ ಉಗುರಿನಷ್ಟಿದ್ದುಕೊಂಡು ಇಡೀ ಬಸ್ಸನ್ನು ಆಳುತ್ತದೆ. ಮೊನ್ನೆ ಭೋಗಿ ಹಬ್ಬದ ಹಿಂದಿನ ದಿನ ಹಿಂದೂಪುರದ ಸಂತೆಬೀದಿಯಲ್ಲಿ ಅವರೆಕಾಯಿಯ ಸೊಗಡನ್ನೂ ದಾಟಿಕೊಂಡು ಆ ವಾಸನೆ ನನ್ನನ್ನು ಹುಡುಕಿಕೊಂಡು ಬಂತು. ನಾನೂ ಅದನ್ನೇ ಹುಡುಕಿಕೊಂಡು ಹೋಗಿದ್ದೆ ಎನ್ನಿ.

ರೇಗಿಪಂಡ್ಲು, ರೇಗಿಪಂಡ್ಲು ಎಂದು ತೆಲುಗಿನಲ್ಲಿ ಕೂಗುತ್ತಿದ್ದ ಹಣ್ಣಿನವಳು ನನ್ನ ಕೈಚೀಲ ತುಂಬಿದರೂ ನಾನು ಸಾಕು ಎನ್ನದಿದ್ದುದನ್ನು ನೋಡಿ ಕನ್ನಡಕ್ಕೆ ಬಂದಳು.

"ಇಷ್ಟೊಂದು ಯಾರ್ಗಜ್ಜಿ? ಮನೇಲಿ ಮೊಮ್ಮಕ್ಳು ಜಾಸ್ತಿ ಅವ್ರಾ?"

"ಹೂಂ ಕಣಮ್ಮ, ತುಂಬಾ ಅವ್ರೆ," ಎಂದೆ.

ಚೀಲ ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಆ ವರ್ಷ ಕಣ್ಣ ಮುಂದೆ ಬಂದು ನಿಂತಿತು. ಒಂದು ಸಂಕ್ರಾಂತಿಯಿಂದ ಇನ್ನೊಂದು ಸಂಕ್ರಾಂತಿಯವರೆಗಿನ ವರ್ಷ ಅದು. ಹೊಸದಾಗಿ ಬಂದಿದ್ದ ನಯಾಪೈಸೆಗಳು ಇನ್ನೂ ಹೊಳಪು ಕಳೆದುಕೊಂಡಿರಲಿಲ್ಲ. ನನ್ನ ಮಗಳು ರತ್ನಿಗೆ ಆಗ ಆರು ತುಂಬಿತ್ತು.

ಅವಳ ಹೆಸರು ನಾಗರತ್ನ. ಹುಟ್ಟುವಾಗ ಬಹಳ ತಡವಾಯಿತು. ಹುಟ್ಟಿದ ಮೇಲೂ ಎಷ್ಟೋ ಹೊತ್ತು ಅಳಲಿಲ್ಲ. ಕತ್ತು ನಿಲ್ಲುವುದಕ್ಕೇ ಎರಡು ವರ್ಷ ಬೇಕಾಯಿತು. ಕಾಲು ನೆಲಕ್ಕೆ ಊರಲಿಲ್ಲ, ಕೈಗಳು ಅವಳು ಹೇಳಿದ ಕಡೆಗೆ ಹೋಗುತ್ತಿರಲಿಲ್ಲ. ಮಾತು ಅಂದರೆ ಒಂದೆರಡು ಸದ್ದು, ಅಷ್ಟೆ. ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಅವಳನ್ನು ತಿರುಗಿಸಿ ಮುರುಗಿಸಿ ನೋಡಿ, "ಇವಳು ಹೀಗೇ ಇರ್ತಾಳಮ್ಮ. ಚೆನ್ನಾಗಿ ಊಟ ಕೊಡಿ, ಮಾತಾಡಿಸ್ತಾ ಇರಿ" ಎಂದು ಕಳಿಸಿದ್ದರು. ಊರಿನಲ್ಲಿ ಮಾತ್ರ ಪ್ರತಿಯೊಬ್ಬರೂ ಡಾಕ್ಟರೇ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಎಂದರು ಒಬ್ಬರು, ಹುತ್ತ ತುಳಿದಳು ಎಂದರು ಇನ್ನೊಬ್ಬರು. ನಾನು ಗ್ರಹಣವನ್ನೂ ನೋಡಿರಲಿಲ್ಲ, ಹುತ್ತವನ್ನೂ ತುಳಿದಿರಲಿಲ್ಲ. ಅಂಥವರಿಗೆಲ್ಲ ಅಲ್ಲೇ ಉತ್ತರ ಕೊಟ್ಟು ಕಳಿಸುತ್ತಿದ್ದೆ. ನನ್ನ ಬಾಯಿಗೆ ಹೆದರಿ ಬೀದಿನಾಯಿಗಳೂ ದಾರಿ ಬಿಡುತ್ತವೆ ಎಂದು ನಮ್ಮಣ್ಣ ಹಾಸ್ಯ ಮಾಡುತ್ತಿದ್ದ.

ನನ್ನ ತವರು ಕಲ್ಯಾಣದುರ್ಗ. ಆ ವರ್ಷದ ಸಂಕ್ರಾಂತಿಗೆ ಅಣ್ಣ ಕರೆದನೆಂದು ರತ್ನಿಯನ್ನು ಎತ್ತಿಕೊಂಡು ಹೋಗಿದ್ದೆ. ಅಲ್ಲಿ ಊರ ಸುತ್ತಲಿನ ಬೋಳುಗುಡ್ಡಗಳಲ್ಲಿ ಎಲಚಿಯ ಮುಳ್ಳುಪೊದೆಗಳು ತಾವಾಗಿಯೇ ಬೆಳೆಯುತ್ತವೆ. ಮಳೆ ಬರಲಿ ಬಿಡಲಿ, ಮಾಗಿಯ ಚಳಿಗೆ ಸರಿಯಾಗಿ ಹಣ್ಣು ಕೆಂಪಾಗುತ್ತದೆ. ಭೋಗಿಯ ಸಂಜೆ ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಆ ಹಣ್ಣಿಗೆ ಕಬ್ಬಿನ ಚೂರು, ಎಳ್ಳು, ಚಿಲ್ಲರೆ ಕಾಸು ಬೆರೆಸಿ, ಸೇರಿನಲ್ಲಿ ತುಂಬಿ ತಲೆಯ ಮೇಲಿಂದ ಎರೆಯುವುದು ನಮ್ಮ ಕಡೆಯ ಪದ್ಧತಿ. ತೆಲುಗಿನವರು ಭೋಗಿಪಂಡ್ಲು ಎನ್ನುತ್ತಾರೆ, ನಾವು ಎಲಚಿಹಣ್ಣು ಎರೆಯುವುದು ಎನ್ನುತ್ತೇವೆ. ವರ್ಷವಿಡೀ ಮಗುವಿನ ಮೇಲೆ ಬಿದ್ದ ಕೆಟ್ಟ ದೃಷ್ಟಿ ಆ ಹಣ್ಣಿನ ಜೊತೆ ಉರುಳಿ ಹೋಗುತ್ತದೆ ಎಂದು ನಂಬಿಕೆ. ಎರೆಯುವವರು ಮಕ್ಕಳೊಂದಿಗರಾದ ಮುತ್ತೈದೆಯರೇ ಆಗಬೇಕು.

ಅಣ್ಣನ ಮಗನಿಗೆ ಮೂರು ವರ್ಷ. ಅವನನ್ನು ಮಣೆಯ ಮೇಲೆ ಕೂರಿಸಿದರು. ನಾನು ರತ್ನಿಯನ್ನು ಪಕ್ಕದಲ್ಲೇ ಗೋಡೆಗೆ ಒರಗಿಸಿ ಕೂರಿಸಿದ್ದೆ. ಹಣ್ಣು ಗಲಗಲ ಎಂದು ಅವನ ತಲೆಯ ಮೇಲೆ ಸುರಿದದ್ದೇ ತಡ, ರತ್ನಿಯ ಮೈಯೆಲ್ಲ ಕುಣಿಯತೊಡಗಿತು. ಅಷ್ಟು ಖುಷಿಯನ್ನು ನಾನು ಅವಳಲ್ಲಿ ನೋಡಿರಲಿಲ್ಲ. ಆಮೇಲೆ ಅವಳು ತನ್ನ ಸೊಟ್ಟ ಕೈಗಳಿಂದ ಬಹಳ ಹೊತ್ತು ಒದ್ದಾಡಿ ಲಂಗದ ಅಂಚನ್ನು ಹಿಡಿದು ಮಡಿಲು ಒಡ್ಡಿದಳು. ಈಗ ತನ್ನ ಸರದಿ ಎಂದು.

ನಾನು ದೊಡ್ಡತ್ತೆಯ ಕಡೆ ನೋಡಿದೆ. ಅಪ್ಪನ ಅಕ್ಕ ಅವಳು, ಮನೆಗೆ ಹಿರಿಯಳು, ಸೇರು ಅವಳ ಕೈಯಲ್ಲಿತ್ತು.

"ಇವ್ಳಿಗೂ ಒಂದೀಟು ಎರೀ ದೊಡ್ಡತ್ತೆ," ಎಂದೆ.

"ಅಯ್ಯೋ ಬುಡೇ ಸರೋಜ, ಈ ಕೂಸಿಗೆ ಯಾರ್ ದಿಷ್ಟಿ ಬೀಳ್ತದೆ?" ಎಂದಳು ಅವಳು. "ದಿಷ್ಟಿ ಬೀಳೋ ಮಕ್ಳಿಗೆ ಎರೀತೀವಿ ಕಣಮ್ಮ. ಇದನ್ನ ದೇವ್ರೇ ಕಾದವ್ನೆ."

ಅಕ್ಕಪಕ್ಕದವರು ಮೆಲ್ಲಗೆ ನಕ್ಕರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಯಾರೋ ಹಿಂದಿನಿಂದ ಅಂದರು. ದೊಡ್ಡತ್ತೆ ಕೆಟ್ಟವಳಲ್ಲ. ಅದೇ ಬೆಳಿಗ್ಗೆ ರತ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಹುಗ್ಗಿ ತಿನ್ನಿಸಿದ್ದಳು. ಅದಕ್ಕೇ ಇರಬೇಕು, ನನಗೆ ಜಗಳವಾಡಲೂ ಆಗಲಿಲ್ಲ. ಎಲ್ಲರೂ ಎದ್ದು ಒಳಗೆ ಹೋದ ಮೇಲೂ ರತ್ನಿ ಮಡಿಲು ಒಡ್ಡಿಕೊಂಡೇ ಇದ್ದಳು.

ಮಗಳನ್ನು ಕುಂಟಿ, ಮೂಗಿ ಎಂದವರ ಮಾತನ್ನು ನಾನು ಅರಗಿಸಿಕೊಂಡಿದ್ದೆ. ಇದನ್ನು ಅರಗಿಸಿಕೊಳ್ಳಲು ಆಗಲಿಲ್ಲ. ಎಲ್ಲ ತಾಯಂದಿರೂ ತಮ್ಮ ಮಕ್ಕಳಿಗೆ ದೃಷ್ಟಿ ತಾಗುತ್ತದೆಂದು ಕೆನ್ನೆಗೆ ಕಪ್ಪು ಇಡುತ್ತಾರೆ. ನನ್ನ ಮಗುವನ್ನು ನೋಡಿ ಅಯ್ಯೋ ಎನ್ನುವವರು ಊರು ತುಂಬ ಇದ್ದರು. ಇಂಥ ಮಗು ನನಗಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಡುವ ಒಂದೇ ಒಂದು ಜೀವ ಈ ಭೂಮಿಯ ಮೇಲೆ ಇಲ್ಲವೇ ಎಂದು ಬಸ್ಸಿನಲ್ಲಿ ಹಿಂದೂಪುರದ ದಾರಿಯುದ್ದಕ್ಕೂ ಯೋಚಿಸಿದೆ. ಸೋಮಂದೇಪಲ್ಲಿಯಲ್ಲಿ ಬಸ್ಸು ನಿಂತು ಕಡಲೆಕಾಯಿಯವರು ಕಿಟಕಿಗೆ ಮುತ್ತಿಕೊಂಡಾಗ ಕಣ್ಣೊರೆಸಿಕೊಂಡು ಒಂದು ಪೊಟ್ಟಣ ಕೊಂಡೆ. ಅಳುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು.

ಹಿಂದೂಪುರದಲ್ಲಿ ನಮ್ಮದು ನೇಯ್ಗೆಯ ಮನೆ. ನಡುಮನೆಯಲ್ಲಿ ಗುಂಡಿಮಗ್ಗ. ನಮ್ಮೆಜಮಾನರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು, ಅತ್ತೆ ರಾಟೆಯ ಮುಂದೆ ಕೂತು ಹೊಕ್ಕಿನ ನೂಲನ್ನು ಕಂಡಿಕೆಗಳಿಗೆ ಸುತ್ತುತ್ತಿದ್ದರು. ಕಂಡಿಕೆಯೆಂದರೆ ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆ. ರತ್ನಿಯ ಜಾಗ ಮಗ್ಗದ ಪಕ್ಕದಲ್ಲಿ, ನೂಲಿನ ಗಂಟಿಗೆ ಒರಗಿಕೊಂಡು. ಲಾಳಿ ಓಡಾಡುವ ಸದ್ದು ಅವಳಿಗೆ ಬೇಕೇ ಬೇಕು. ಎಳೆ ಕಿತ್ತುಹೋಗಿ ಮಗ್ಗ ನಿಂತರೆ ಸಾಕು, "ಆ!" ಎಂದು ಗದರುತ್ತಿದ್ದಳು.

"ಇರಮ್ಮ ಮೇಸ್ತ್ರಿ, ಎಳೆ ಕಟ್ಟಾಕ್ಬೇಕಲ್ಲ, ಸುಮ್ನೆ ಕೂತಿಲ್ಲ ನಾನು," ಎಂದು ಅವರು ಸಮಾಧಾನ ಹೇಳಬೇಕಾಗಿತ್ತು. ನಮ್ಮ ಮನೆಯಲ್ಲಿ ಕೆಲಸಗಳ್ಳರಿಗೆ ಜಾಗವಿರಲಿಲ್ಲ. ಮೇಸ್ತ್ರಿ ಬಹಳ ಬಿಗಿ.

ಕಲ್ಯಾಣದುರ್ಗದಿಂದ ಬಂದು ಕೆಲವು ದಿನಗಳಾಗಿರಬೇಕು. ನಾನು ಹಿತ್ತಲಲ್ಲಿ ನೂಲಿಗೆ ಗಂಜಿ ಕಾಸುತ್ತಿದ್ದೆ. ಒಳಗೆ ಏನೋ ಸುರಿದ ಸದ್ದಾಯಿತು, ಹಿಂದೆಯೇ ಅತ್ತೆ ಹಣೆ ಚಚ್ಚಿಕೊಂಡು ಕೂಗಿದರು. ಓಡಿ ಬಂದು ನೋಡಿದರೆ, ರತ್ನಿ ಅತ್ತೆಯ ಕಂಡಿಕೆಯ ಬುಟ್ಟಿಗೆ ಎರಡೂ ಕೈ ಹಾಕಿ, ಸಿಕ್ಕಿದ್ದನ್ನೆಲ್ಲ ಎತ್ತಿ ತನ್ನ ತಲೆಯ ಮೇಲೆ ತಾನೇ ಸುರಿದುಕೊಂಡಿದ್ದಳು. ಹಳದಿ, ಕೆಂಪು ಎಳೆಗಳು ಕೂದಲಿಗೆಲ್ಲ ಸುತ್ತಿಕೊಂಡಿದ್ದವು. ನಾವು ನೋಡುತ್ತಿರುವಂತೆಯೇ ಇನ್ನೊಂದು ಹಿಡಿ ಎತ್ತಿ ಸುರಿದುಕೊಂಡು, ಲಂಗ ಹಿಡಿದು ಮಡಿಲು ಒಡ್ಡಿದಳು.

"ಬೆಳಗಿಂದ ಸುತ್ತಿದ್ದೆಲ್ಲ ನೀರಲ್ಲಿ ಹೋಮ ಆಯ್ತು!" ಎಂದರು ಅತ್ತೆ.

ನಮ್ಮೆಜಮಾನರು ಗುಂಡಿಯಿಂದ ಎದ್ದು ಬಂದು ಮಗಳ ಮುಂದೆ ಕೂತರು. "ಏನೇ ಇದು?" ಎಂದು ನನ್ನನ್ನು ಕೇಳಿದರು.

ಕಲ್ಯಾಣದುರ್ಗದಲ್ಲಿ ಆದದ್ದನ್ನು ಆಗ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ಆ ಇಡೀ ಮಧ್ಯಾಹ್ನ ಮಗ್ಗಕ್ಕೆ ಇಳಿಯದೆ ಅವಳ ಕೂದಲಿನಿಂದ ಎಳೆಗಳನ್ನು ಒಂದೊಂದಾಗಿ ಬಿಡಿಸಿದರು. ಕತ್ತರಿಸಿದ್ದರೆ ಕ್ಷಣದ ಕೆಲಸ, ಆದರೆ ನೇಯುವವರಿಗೆ ಎಳೆ ಕತ್ತರಿಸಲು ಮನಸ್ಸು ಬರುವುದಿಲ್ಲ, ಮಗಳ ಕೂದಲನ್ನಂತೂ ಕೇಳಲೇಬೇಡಿ. ಕೊನೆಯ ಎಳೆ ಬಿಡಿಸಿದ ಮೇಲೆ, "ಬರೋ ಭೋಗಿಗೆ ನಮ್ಮನೇಲೇ ಎರೆಯೋಣ ಬುಡು," ಎಂದರು. ಅತ್ತೆ ಏನೋ ಹೇಳಲು ಬಾಯಿ ತೆರೆದು, ಮಗನ ಮುಖ ನೋಡಿ ಮುಚ್ಚಿಕೊಂಡರು.

ಆಗಿನಿಂದ ನಾನು ಭೋಗಿಯನ್ನೇ ಕಾಯುತ್ತ ಕೂತೆ.

ಈಗ ಎದುರುಮನೆಯ ಅಶ್ವತ್ಥಮ್ಮನ ವಿಷಯ ಹೇಳಬೇಕು. ಅವಳ ಗಂಡನಿಗೆ ಬೆಲ್ಲದ ಮಂಡಿ ಇತ್ತು. ನಮ್ಮ ಬೀದಿಯಲ್ಲಿ ಅವರದೇ ದೊಡ್ಡ ಮನೆ. ಮಕ್ಕಳಿರಲಿಲ್ಲ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಎತ್ತರದ ಹೆಂಗಸು, ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದಂತೆ. ನಾನು ಮಧ್ಯಾಹ್ನ ರತ್ನಿಗೆ ಉಣ್ಣಿಸುವ ಹೊತ್ತಿಗೆ ಸರಿಯಾಗಿ ಅವಳು ಏನಾದರೊಂದು ನೆಪ ಮಾಡಿಕೊಂಡು ಬರುತ್ತಿದ್ದಳು. ಒಂದು ದಿನ ಒಲೆಗೆ ಕೆಂಡ ಬೇಕು, ಒಂದು ದಿನ ಜರಡಿ, ಇನ್ನೊಂದು ದಿನ ಕರಿಬೇವು. ಕೂರು ಎಂದರೆ ಕೂರುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಬಟ್ಟಲು ಖಾಲಿಯಾಗುವವರೆಗೆ ರತ್ನಿಯನ್ನೇ ನೋಡುತ್ತಿದ್ದಳು. ಒಂದು ಸಲವೂ ಮುಟ್ಟಿದವಳಲ್ಲ. "ಬಾಯಿ ಒರ್ಸು ಅದ್ರದು," ಎಂದು ನನಗೆ ಅಪ್ಪಣೆ ಮಾಡಿ, ಎಷ್ಟೋ ಸಲ ಕೇಳಲು ಬಂದದ್ದನ್ನೇ ಮರೆತು ಹೊರಟುಹೋಗುತ್ತಿದ್ದಳು.

ನನಗೆ ಮೈ ಉರಿಯುತ್ತಿತ್ತು. "ನಂಗೆ ಮಕ್ಳಿಲ್ಲದಿದ್ರೇನಾಯ್ತು, ಇಂತಾದ್ದು ಇರೋದ್ಕಿಂತ ಇಲ್ದಿರೋದೇ ಮೇಲು ಅಂತ ಸಮಾಧಾನ ಮಾಡ್ಕಳಾಕೆ ಬತ್ತಾಳೆ," ಎಂದು ಅತ್ತೆಯ ಹತ್ತಿರ ಹೇಳಿಕೊಂಡೆ. ಯಾವ ವಿಷಯದಲ್ಲೂ ಒಂದಾಗದ ಅತ್ತೆ ಸೊಸೆ ಆ ಒಂದು ವಿಷಯದಲ್ಲಿ ಒಂದಾಗಿದ್ದೆವು.

ಆ ವರ್ಷ ಮಳೆ ತಡವಾಗಿ ಬಂದು, ಬಂದದ್ದು ಬಿಡಲಿಲ್ಲ. ಗಂಜಿ ಹಾಕಿದ ನೂಲು ಒಣಗದೆ ಮನೆಯೆಲ್ಲ ಹುಳಿವಾಸನೆ. ಅದರ ಹಿಂದೆಯೇ ಬೀದಿಗೆ ದಡಾರ ಬಂತು. ಬೇರೆ ಮನೆಯ ಮಕ್ಕಳಿಗೆ ಬಂದು ಹೋಯಿತು. ರತ್ನಿಗೆ ಬಂದದ್ದು ಹೋಗಲೇ ಇಲ್ಲ. ಮೈಯೆಲ್ಲ ಕೆಂಡ, ಕಣ್ಣು ತೆರೆಯಳು, ನೀರು ಗುಟುಕರಿಸಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆವು. ಸೊಪ್ಪು ಕಟ್ಟಿದ ಮನೆಯೊಳಗೆ ಯಾರೂ ಬರುವುದಿಲ್ಲ, ಮಗ್ಗವನ್ನೂ ಆಡಿಸುವುದಿಲ್ಲ. ಆ ಮೌನ ನನಗೆ ಜ್ವರಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಮಗ್ಗ ನಿಂತು ದಿನಗಳಾದರೂ ಮೇಸ್ತ್ರಿ ಗದರುತ್ತಿರಲಿಲ್ಲ.

ಅಶ್ವತ್ಥಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತನ್ನ ಜಗುಲಿಯ ಮೇಲೆ ನಿಂತು, ಮಳೆಯ ಆಚೆಯಿಂದ ಕೂಗಿ ಕೇಳುತ್ತಿದ್ದಳು.

"ಏನಂತೆ?"

"ಇದ್ದಂಗೇ ಅದೆ, ಹೋಗಮ್ಮ," ಎಂದು ಅತ್ತೆ ಬಾಗಿಲು ಮುಚ್ಚುತ್ತಿದ್ದರು. ಒಳಗೆ ಬಂದು ನನಗೆ, "ಇನ್ನೂ ಅದೋ ಇಲ್ವೋ ಅಂತ ವಿಚಾರಿಸ್ಕಂತಾಳೆ, ಮಹಾರಾಯ್ತಿ," ಎನ್ನುತ್ತಿದ್ದರು.

ಒಂದು ಮುಂಜಾನೆ ರತ್ನಿಯ ಹಣೆ ಮುಟ್ಟಿದರೆ ತಣ್ಣಗಿತ್ತು. ತಣ್ಣಗಾದದ್ದು ಯಾವ ರೀತಿಯ ತಣ್ಣಗೆ ಎಂದು ತಿಳಿಯದೆ ನಾನು ಕೂಗಲೂ ಆಗದೆ ಕೂತುಬಿಟ್ಟೆ. ನಮ್ಮೆಜಮಾನರು ಬಂದು ನೋಡಿದರು. ಉಸಿರಾಡುತ್ತಿದ್ದಳು, ಆದರೆ ಕಣ್ಣು ಮುಚ್ಚಿತ್ತು. ಅವರು ಶಾಸ್ತ್ರ ಪಾಸ್ತ್ರ ನೋಡದೆ ಸೀದಾ ಹೋಗಿ ಗುಂಡಿಗೆ ಇಳಿದರು. ಲಾಳಿ ಅತ್ತಿಂದಿತ್ತ ಓಡಿತು. ಒಂದಷ್ಟು ಹೊತ್ತು ನೇಯ್ದು, ಬೇಕೆಂದೇ ನಿಲ್ಲಿಸಿದರು. ಮನೆಯೆಲ್ಲ ಕಿವಿಯಾಗಿತ್ತು.

"ಆ!" ಎಂದಳು ರತ್ನಿ. ಬೆಕ್ಕಿನ ಮರಿಯ ದನಿಯಲ್ಲಿ ಮೊದಲು, ಆಮೇಲೆ ಸಿಟ್ಟಿನಿಂದ, ಬೀದಿಗೆಲ್ಲ ಕೇಳುವಂತೆ.

ನಾವು ಮೂವರೂ ಅತ್ತೆವು. ಎದುರುಮನೆಯ ಕದ ಧಡಾರೆಂದು ಹಾಕಿಕೊಂಡದ್ದು ಕೇಳಿಸಿತು. ಅಶ್ವತ್ಥಮ್ಮನಿಗೆ ನಿರಾಸೆಯಾಯಿತು ಎಂದುಕೊಂಡೆ. ಆ ವಾರವೇ ಅವಳು ಯಾವುದೋ ಹರಕೆ ತೀರಿತೆಂದು ಮಂಡಿಯಿಂದ ಬೆಲ್ಲ ತರಿಸಿ ಬೀದಿಗೆಲ್ಲ ಹಂಚಿದಳು. ಏನು ಹರಕೆ ಎಂದು ಯಾರೂ ಕೇಳಲಿಲ್ಲ. ಅಂಥ ಬೆಲ್ಲ ಬೇಡ ಎನ್ನುವಷ್ಟು ಸ್ವಾಭಿಮಾನ ನನಗೂ ಇರಲಿಲ್ಲ, ರತ್ನಿಗೆ ಅಂಬಲಿಯಲ್ಲಿ ಕಲಸಿ ಕುಡಿಸಿದೆ.

ಮಾಗಿ ಬಂತು. ಅವರೆ ಬಂತು. ಭೋಗಿ ಹತ್ತಿರವಾದಂತೆ ಅತ್ತೆ ತಡೆದುಕೊಂಡಿದ್ದ ಮಾತು ಹೊರಗೆ ಬಂತು.

"ಐದು ದಾಟಿದ ಮಕ್ಳಿಗೆ ಎರೆಯೋ ಸಾಸ್ತ್ರ ಇಲ್ಲ ಕಣಮ್ಮ. ಇವ್ಳಿಗೆ ಏಳಾಯ್ತು."

"ಮಗು ನಡೆಯೋಕೆ ಸುರು ಮಾಡಿದ್ಮೇಲಲ್ವಾ ಅತ್ತೆ ವಯಸ್ಸಿನ ಲೆಕ್ಕ? ಹಂಗ್ ನೋಡಿದ್ರೆ ನಿಮ್ ಮೊಮ್ಮಗಳು ಇನ್ನೂ ಹುಟ್ಟೇ ಇಲ್ಲ," ಎಂದೆ.

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ರಾಟೆಯನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು.

"ಸಾಸ್ತ್ರ ಹಾಳಾಗೋಗ್ಲಿ. ಕರೆದೋರು ಬರ್ದಿದ್ರೆ? ಬಂದೋರು ಎರೀದೆ ಹೋಗ್ಬುಟ್ರೆ? ಆ ಕೂಸು ಮಡ್ಲು ಒಡ್ಡ್ಕಂಡು ಕೂತಿರ್ತದೆ. ಇನ್ನೊಂದ್ಸಲ ಅದ್ನ ನೋಡೋಕಾಯ್ತದಾ ನಿನ್ ಕೈಲಿ?"

ಆ ಹೆದರಿಕೆ ನನಗೂ ಇತ್ತು. ಆದರೆ ನಮ್ಮೆಜಮಾನರು ಆಗಲೇ ಹಳೆಯ ಸೀರೆಗಳ ಹಾಸಿನಲ್ಲಿ ಉಳಿದ ತುಂಡು ನೂಲುಗಳನ್ನು ಕೂಡಿಸಿ ಮಗಳಿಗೆ ಒಂದು ಲಂಗದ ಬಟ್ಟೆ ನೇಯ್ದು ಇಟ್ಟಿದ್ದರು. ಒಂದು ಪಟ್ಟಿ ಹಳದಿ, ಒಂದು ಕೆಂಪು, ನಡುವೆ ಹೊಂದಿಕೆಯೇ ಇಲ್ಲದ ಹಸಿರು. ಕಲ್ಯಾಣದುರ್ಗದಿಂದ ಅಣ್ಣ ಬಸ್ಸಿನವರ ಕೈಲಿ ಒಂದು ಚೀಲ ಎಲಚಿಹಣ್ಣು ಕಳಿಸಿದ. ಬಸ್ಸಿನಲ್ಲಿದ್ದವರಿಗೆಲ್ಲ ನಮ್ಮ ಮನೆಯ ಹಬ್ಬದ ಸುದ್ದಿ ವಾಸನೆಯಿಂದಲೇ ತಿಳಿದಿರಬೇಕು. ಕೊನೆಗೆ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಕರೆಯಲು ಹೋದವರು ಅತ್ತೆಯೇ. ಎದುರುಮನೆಯೊಂದನ್ನು ಬಿಟ್ಟರು. ಮಕ್ಕಳಿಲ್ಲದವರನ್ನು ಆ ಶಾಸ್ತ್ರಕ್ಕೆ ಕರೆಯುವ ಪದ್ಧತಿ ಇರಲಿಲ್ಲ. ಹೇಗೂ ಅಶ್ವತ್ಥಮ್ಮ ಪ್ರತಿ ಭೋಗಿಗೂ ಬೀಗ ಹಾಕಿಕೊಂಡು ಪರಿಗಿಯಲ್ಲಿದ್ದ ತಂಗಿಯ ಮನೆಗೆ ಹೊರಟುಬಿಡುತ್ತಿದ್ದಳು.

ಭೋಗಿಯ ಸಂಜೆ ಕರೆದವರೆಲ್ಲ ಬಂದರು. ನಾವು ಹೆದರಿದ್ದು ಸುಳ್ಳಾಯಿತು ಎಂದು ನನಗೆ ಹಾಯೆನಿಸಿತು. ಅರಿಸಿನ ಕುಂಕುಮ ಕೊಟ್ಟೆ, ಚಾಪೆ ಹಾಸಿದೆ. ರತ್ನಿ ಹೊಸ ಲಂಗ ಉಟ್ಟು, ನೂಲಿನ ಗಂಟಿಗೆ ಒರಗಿ ಮಣೆಯ ಮೇಲೆ ಕೂತಿದ್ದಳು. ಹಣ್ಣಿನ ಮೊರ ಕಂಡದ್ದೇ ಅವಳ ತಲೆ ಸಂತೋಷಕ್ಕೆ ನಿಲ್ಲುತ್ತಿರಲಿಲ್ಲ. ಯಾರೂ ಹೇಳುವ ಮೊದಲೇ ಮಡಿಲು ಒಡ್ಡಿದ್ದಳು.

ಮೂಲೆಮನೆಯ ಗೌರಮ್ಮ ಬೀದಿಗೆ ಹಿರಿಯಳು, ತುಂಬಿದ ಮನೆಯವಳು. ಮೊದಲು ಅವಳೇ ಎರೆಯಬೇಕು. ಅತ್ತೆ ಸೇರು ತುಂಬಿ ಅವಳ ಕಡೆ ಚಾಚಿದರು. ಗೌರಮ್ಮ ಕೈ ಮುಂದೆ ಮಾಡಲಿಲ್ಲ.

"ಎರೆಯೋಕೇನು, ಎರೀಬೋದು ಕಣಮ್ಮ," ಎಂದು ಎಳೆದಳು. "ದಿಷ್ಟಿ ಇದ್ರೆ ತೆಗೀಬೋದು. ಇಲ್ದೇ ಇರೋ ದಿಷ್ಟೀನ ತೆಗ್ಯಾಕೋದ್ರೆ ಅದು ನಮ್ ಮಕ್ಳ ಮ್ಯಾಕೆ ತಿರುಕ್ಕಂತದೆ ಅಂತಾರೆ ದೊಡ್ಡೋರು. ತಪ್ಪು ತಿಳ್ಕಬ್ಯಾಡ ಸರೋಜ. ನಮ್ಮನೇಲೂ ಚಿಕ್ ಚಿಕ್ಕವು ಅವೆ."

ಉಳಿದವರು ಚಾಪೆಯ ಕಡ್ಡಿ ಎಣಿಸತೊಡಗಿದರು. ಅತ್ತೆಯ ಕೈಯಲ್ಲಿ ಚಾಚಿದ ಸೇರು ಹಾಗೇ ಇತ್ತು. ನನಗೆ ಕಲ್ಯಾಣದುರ್ಗದ ಆ ಗೋಡೆ, ಆ ಮಡಿಲು, ಎಲ್ಲ ಮತ್ತೆ ಕಂಡವು. ಎದ್ದು ಮಗಳನ್ನು ಎತ್ತಿಕೊಂಡು ಒಳಗೆ ಹೋಗಿಬಿಡೋಣ ಎಂದುಕೊಂಡೆ.

"ಆ!" ಎಂದಳು ರತ್ನಿ, ನಿಂತ ಮಗ್ಗವನ್ನು ಗದರಿದ ಹಾಗೆ.

"ದಿಷ್ಟಿ ಇಲ್ಲ ಅಂದೋರ್ಯಾರು?"

ಬಾಗಿಲಲ್ಲಿ ಅಶ್ವತ್ಥಮ್ಮ ನಿಂತಿದ್ದಳು. ಪರಿಗಿಗೆ ಹೊರಟ ಸೀರೆ, ಕಂಕುಳಲ್ಲಿ ಬಟ್ಟೆಯ ಗಂಟು. ಎಂದಿನಂತೆ ಚೌಕಟ್ಟಿಗೆ ಒರಗಿಕೊಂಡಿದ್ದಳು.

"ದಿಷ್ಟಿ ಅದೆ," ಎಂದಳು. "ನಂದೇ."

ಅವಳೇ ಮುಂದುವರಿಸಿದಳು. ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ಆ ಬೀದಿ ಅಲ್ಲಿಯವರೆಗೆ ಕೇಳಿರಲಿಲ್ಲ.

"ದಿನಾ ಮಧ್ಯಾನ ಬತ್ತಿದ್ನಲ್ಲ, ಕೆಂಡ ಕೇಳ್ಕಂಡು, ಜರಡಿ ಕೇಳ್ಕಂಡು. ನಮ್ಮನೇಲಿ ಕೆಂಡ ಇರ್ಲಿಲ್ವಾ? ಸರೋಜ ತುತ್ತು ಎತ್ತೋಳು, ಇದು ಬಾಯಿ ತೆಗ್ಯೋದು. ಅದ್ನ ನೋಡಾಕೆ ಬತ್ತಿದ್ದೆ. ನೋಡಿ ಮನೆಗೋಗಿ ಕದ ಹಾಕ್ಕಂಡು ಅಳ್ತಿದ್ದೆ. ಇಂತಾದ್ದೊಂದು ನಂಗ್ಯಾಕೆ ಕೊಡ್ಲಿಲ್ಲ ದೇವ್ರು ಅಂತ. ನಡೀದಿದ್ರೆ ಎತ್ಕಂತಿದ್ದೆ, ಮಾತಾಡ್ದಿದ್ರೆ ನಾನೇ ಆಡ್ತಿದ್ದೆ. ದಡಾರ ಆಗಿ ಮಲಗ್ಬುಟ್ಟಾಗ ನನ್ ಕಣ್ಣೇ ತಗಲ್ತು ಅಂದ್ಕಂಡೆ. ಕೂಸು ಉಳಕಂಡ್ರೆ ಬೀದಿಗೆಲ್ಲಾ ಬೆಲ್ಲ ಹಂಚ್ತೀನಿ ಅಂತ ಹರಸ್ಕಂಡೆ. ತಿಂದ್ರಲ್ಲ ಎಲ್ರೂ?"

ಅವಳು ಅತ್ತೆಯ ಕಡೆ ತಿರುಗಿದಳು. ದನಿ ಇಳಿದಿತ್ತು.

"ಕಣ್ ಹಾಕ್ದೋಳೇ ದಿಷ್ಟಿ ತೆಗೀಬೇಕು ಅಂತಾರೆ. ಬಂಜೆ ಎರೀಬಾರ್ದು ಅಂದ್ರೆ ಹೇಳ್ಬುಡಿ ಅಮ್ಮ, ಹೋಯ್ತೀನಿ. ಬಸ್ಸು ಇನ್ನೂ ಹೋಗಿಲ್ಲ."

ಜೀವಮಾನವಿಡೀ ಶಾಸ್ತ್ರ ಬಿಡದ ಹೆಂಗಸು ನಮ್ಮತ್ತೆ. ಎದ್ದು ಹೋಗಿ ಅವಳ ಕಂಕುಳಿನ ಗಂಟನ್ನು ಕಿತ್ತುಕೊಂಡು ಮೂಲೆಗಿಟ್ಟು, ಸೇರನ್ನು ಅವಳ ಕೈಯಲ್ಲಿಟ್ಟರು.

"ಬಸ್ಸು ಹೋಗ್ಲಿ ಬುಡು. ತಗ, ಎರೀ. ಇವತ್ತಾದ್ರೂ ಹೊಸ್ಲು ದಾಟಿ ಒಳಿಕ್ ಬಾ ನಮ್ಮವ್ವ."

ಅಶ್ವತ್ಥಮ್ಮ ಬಂದಳು. ಮೂರು ಸಲ ಇಳಿತೆಗೆದು, ರತ್ನಿ ಬೆಚ್ಚದಿರಲೆಂದು ಮೆಲ್ಲಗೆ, ಬಹಳ ಮೆಲ್ಲಗೆ ಎರೆದಳು. ಹಣ್ಣು, ಕಬ್ಬಿನ ಚೂರು, ಹೊಳೆಯುವ ನಯಾಪೈಸೆ ಎಲ್ಲ ಅವಳ ಕೂದಲ ಮೇಲಿಂದ, ಹೆಗಲ ಮೇಲಿಂದ ಉರುಳಿ ಆ ಹಳದಿ ಕೆಂಪು ಹಸಿರು ಮಡಿಲಿಗೆ ಬಿದ್ದವು. ರತ್ನಿ ನಕ್ಕಳು. ಆ ನಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಆಮೇಲೆ ಅವಳು ಮಡಿಲಿನಿಂದ ಸಿಕ್ಕಷ್ಟು ಹಣ್ಣನ್ನು ಹಿಡಿದು, ಕೈಯನ್ನು ಹೇಗೋ ಮೇಲೆತ್ತಿ, ಬಾಗಿದ್ದ ಅಶ್ವತ್ಥಮ್ಮನ ತಲೆಯ ಮೇಲೆ ಸುರಿದಳು. ಒಂದು ಹಣ್ಣು ಅವಳ ತುರುಬಿನ ಹೂವಿನಲ್ಲಿ ಸಿಕ್ಕಿಕೊಂಡಿತು.

"ಇನ್ನೊಂದ್ಸಲ ಕಣಮ್ಮ," ಎಂದು ಅಶ್ವತ್ಥಮ್ಮ ತಲೆಯನ್ನು ಇನ್ನಷ್ಟು ಬಗ್ಗಿಸಿದಳು. ಅವಳು ಹಾಗೆ ಬಗ್ಗಿಯೇ ಅತ್ತಳು. ನಾನು ಕೂತಲ್ಲೇ ಅತ್ತುಬಿಟ್ಟೆ. ನನ್ನ ಮಗುವನ್ನು ಕಂಡು ಹೊಟ್ಟೆಕಿಚ್ಚು ಪಟ್ಟ ಒಂದು ಜೀವ ಭೂಮಿಯ ಮೇಲೆ ಇತ್ತು. ಬಹಳ ದೂರವೂ ಅಲ್ಲ, ಎದುರುಮನೆಯಲ್ಲೇ ಇತ್ತು. ಅಂಥ ಸಂತೋಷ ನನಗೆ ಬೇರೆ ಯಾವ ಹಬ್ಬದಲ್ಲೂ ಆಗಿಲ್ಲ.

ಗೌರಮ್ಮ ಸೆರಗು ಬಿಗಿದು ಎದ್ದಳು. "ದಿಷ್ಟಿ ಇರೋದು ಗೊತ್ತಾಯ್ತಲ್ಲ, ಇನ್ನೇನು ಯೋಚ್ನೆ? ಕೊಡಿ ಇಲ್ಲಿ ಸೇರು," ಎಂದಳು. ಅವಳ ಹಿಂದೆ ಎಲ್ಲರೂ ಎದ್ದರು. ಹಣ್ಣು ಖಾಲಿಯಾಗಿ, ಉರುಳಿದ್ದನ್ನೇ ಆಯ್ದು ಮತ್ತೆ ಎರೆದರು. ಬೀದಿಯ ಮಕ್ಕಳು ಕಾಸಿಗಾಗಿ ಮಗ್ಗದ ಗುಂಡಿಯೊಳಗೆಲ್ಲ ಇಳಿದರು. ಗದ್ದಲದ ನಡುವೆ ಅಶ್ವತ್ಥಮ್ಮ ನನ್ನ ಕಡೆ ನೋಡಿ, "ಬಾಯಿ ಒರ್ಸು ಅದ್ರದು," ಎಂದಳು. ಹಾಗೆಂದವಳೇ ನಾನು ಏಳುವುದನ್ನು ಕಾಯದೆ, ಹಬ್ಬದ ರೇಷ್ಮೆ ಸೆರಗಿನಿಂದ ತಾನೇ ಒರೆಸಿದಳು. ರತ್ನಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ಅವಳು ಕೆಂಡ ಕೇಳಲಿಲ್ಲ. ನೇರವಾಗಿ ಬಂದು ಬಟ್ಟಲು ತೆಗೆದುಕೊಂಡಳು. ಅಲ್ಲಿಂದ ಮುಂದೆ ರತ್ನಿಯ ಮಧ್ಯಾಹ್ನದ ಊಟ ಅವಳದೇ ಪಾಲು. ನನ್ನ ಕೈ ತುತ್ತಿಗಿಂತ ಅವಳ ಕೈ ತುತ್ತು ಹೆಚ್ಚು ಇಳಿಯುತ್ತಿತ್ತು, ಅದಕ್ಕೆ ನಾನೇ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು. ನನಗೆ ಆಮೇಲೆ ಒಬ್ಬ ಮಗ ಹುಟ್ಟಿದ. ಅವನು ನಡೆದ, ಓದಿದ, ದುಡಿದ, ಅವನ ಮಾತು ಇಲ್ಲಿ ಬೇಡ. ರತ್ನಿ ದಾವಣಿ ಹಾಕುವ ಹುಡುಗಿಯಾದ ಮೇಲೂ ಭೋಗಿಯ ಸಂಜೆ ಅಶ್ವತ್ಥಕ್ಕ ಸೇರು ಹಿಡಿದು ಬರುತ್ತಿದ್ದಳು. ಐದರ ಲೆಕ್ಕವನ್ನು ಬೀದಿಯೇ ಮರೆತಿತ್ತು. ಮೇಸ್ತ್ರಿ ಹರೆಯದಲ್ಲೇ, ಒಂದು ಮಾಗಿಯಲ್ಲಿ, ಎದೆಗೆ ಶೀತ ಹಿಡಿದು ಹೋದಳು. ಅವಳ ತಲೆ ಆಗ ಅಶ್ವತ್ಥಕ್ಕನ ತೊಡೆಯ ಮೇಲಿತ್ತು, ಪಾದಗಳು ನನ್ನ ಕೈಯಲ್ಲಿದ್ದವು. ಇಬ್ಬರು ತಾಯಂದಿರ ನಡುವೆ ಹೋದಳು ಎಂದು ನನಗೆ ಸಮಾಧಾನ. ಅಶ್ವತ್ಥಕ್ಕನೂ ಹೋಗಿ ಬಹಳ ಕಾಲವಾಯಿತು. ಅವಳ ಋಣ ನನ್ನ ಮೇಲೆ ಹಾಗೇ ಇದೆ, ಇರಲಿ ಎಂದೇ ನನಗೆ ಆಸೆ.

ಈಗ ಊರಾಚೆ, ಚಿಲಮತ್ತೂರಿನ ಕಡೆ ಹೋಗುವ ರಸ್ತೆಯಲ್ಲಿ, ರತ್ನಿಯಂಥ ಮಕ್ಕಳಿಗೆಂದೇ ಒಂದು ಪುಟ್ಟ ಶಾಲೆ ಇದೆ. ಕೆಲವು ವರ್ಷಗಳಿಂದ ಭೋಗಿಯ ದಿನ ಅಲ್ಲಿಗೆ ಎಲಚಿಹಣ್ಣು ಒಯ್ಯುತ್ತೇನೆ. ಮೊನ್ನೆಯೂ ಹೋದೆ. ಆಟೋದವನು ಮೂಗು ಮುಚ್ಚಿಕೊಂಡೇ ಓಡಿಸಿದ. ಮಕ್ಕಳು ಸಾಲಾಗಿ ಕೂತಿದ್ದರು, ಕೆಲವರು ಗಾಲಿಕುರ್ಚಿಯಲ್ಲಿ, ಕೆಲವರು ಗೋಡೆಗೆ ಒರಗಿ. ಮೀಸೆ ಮೂಡಿದವರೂ ಇದ್ದರು. ಹೊಸದಾಗಿ ಸೇರಿದ್ದ ಟೀಚರು, ಚಿಕ್ಕ ವಯಸ್ಸಿನ ಹುಡುಗಿ, ನಾನು ಸೇರು ತುಂಬುವುದನ್ನೇ ನೋಡುತ್ತಿದ್ದಳು.

"ಇದು ಯಾಕಜ್ಜಿ ಎರೆಯೋದು?"

"ದಿಷ್ಟಿ ತೆಗೆಯೋಕೆ ಕಣಮ್ಮ."

ಅವಳು ಮಕ್ಕಳ ಕಡೆ ಒಮ್ಮೆ ನೋಡಿದಳು. "ಇವ್ರಿಗೆ ಯಾರ ದಿಷ್ಟಿ ಬೀಳ್ತದೆ ಅಜ್ಜಿ?" ಎಂದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಮ್ಮ ದೊಡ್ಡತ್ತೆಯ ಹಾಗೆ, ತಿಳಿಯದೆ.

ಮೊದಲ ಸಾಲಿನ ಹುಡುಗಿಯೊಬ್ಬಳು ಆಗಲೇ ಲಂಗದ ಅಂಚು ಹಿಡಿಯಲು ಒದ್ದಾಡುತ್ತಿದ್ದಳು. ಮಡಿಲು ಪೂರ್ತಿ ಒಡ್ಡಿಕೊಳ್ಳುವವರೆಗೆ ನಾನು ಕಾದೆ.

"ನಂದೇ ಕಣಮ್ಮ," ಎಂದು ಸೇರು ಎತ್ತಿದೆ.